ಪಾಟೀಸವಾಲು ಇಲ್ಲ

ನನ್ನ ಗಂಡನಿಗೆ ಜೀವಾವಧಿ ಶಿಕ್ಷೆ ಏಕಾಯಿತು ಎಂಬುದು ನನಗೆ ತಿಳಿದದ್ದು ತೀರ್ಪು ಬಂದ ಮೇಲೆ, ಕೊಯಮತ್ತೂರಿನ ಹತ್ತಿರದ ಸೂಲೂರಿನ ನಮ್ಮ ಮನೆಯ ಜಗಲಿಯ ಮೇಲೆ. ನಮ್ಮ ಬೀದಿಯ ಕೊನೆಯ ಮನೆಯಲ್ಲಿದ್ದ ನಿವೃತ್ತ ತಮಿಳು ಟೀಚರಮ್ಮ, ನಾನು ಕೋರ್ಟಿನಿಂದ ತಂದಿದ್ದ ಸಾಕ್ಷಿಗಳ ಹೇಳಿಕೆಯ ನಕಲುಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ನಾನು ಕೊಳ್ಳೇಗಾಲದ ಕಡೆಯಿಂದ ಮದುವೆಯಾಗಿ ಬಂದವಳು. ಕನ್ನಡ ಓದಬಲ್ಲೆ, ಬರೆಯಬಲ್ಲೆ. ತಮಿಳು ಮಾತು ಕಲಿತಿದ್ದೆ, ಅಕ್ಷರ ಕಲಿತಿರಲಿಲ್ಲ. ಮನೆಯಲ್ಲಿ ಕನ್ನಡವನ್ನೇ ಆಡುವ ನನ್ನ ಅತ್ತೆಗೆ ಯಾವ ಅಕ್ಷರವೂ ಬಾರದು. ಹಾಗಾಗಿ ನಾವಿಬ್ಬರೂ ಮಗ್ಗ ನಿಲ್ಲಿಸಿ ಟೀಚರಮ್ಮನ ಬಾಯಿ ನೋಡುತ್ತ ಕೂತಿದ್ದೆವು.

ಎರಡನೆಯ ಸಾಕ್ಷಿ ನನ್ನ ಗಂಡ ಕೆಲಸ ಮಾಡುತ್ತಿದ್ದ ವರ್ಕ್‌ಶಾಪಿನ ಕಾವಲುಗಾರ. ಸಂಜೆ ಕರೆಂಟು ಹೋಗಿದ್ದಾಗ ನನ್ನ ಗಂಡ ಪಂಪಿನ ಶಾಫ್ಟಿನಿಂದ ಮೇಸ್ತ್ರಿಯ ತಲೆಗೆ ಹೊಡೆದದ್ದನ್ನು ಕಣ್ಣಾರೆ ಕಂಡೆ ಎಂದಿದ್ದ. ಟೀಚರಮ್ಮ ಅದನ್ನು ಓದಿ ಮುಗಿಸಿ, ಕೊನೆಯ ಸಾಲಿಗೆ ಬಂದು ತಡೆದರು. ಮೂರನೆಯ ಸಾಕ್ಷಿ ಎರಕದ ಶೆಡ್ಡಿನ ಕೆಲಸಗಾರ. ಅವನೂ ಅದನ್ನೇ ಹೇಳಿದ್ದ. ಅಲ್ಲೂ ಕೊನೆಯಲ್ಲಿ ಅದೇ ಸಾಲು.

"ಪಾಟೀಸವಾಲು ಇಲ್ಲ ಅಂತ ಬರೆದಿದೆಯಮ್ಮಾ," ಅಂದರು.

"ಹಂಗಂದ್ರೆ?"

"ನಿಮ್ಮ ವಕೀಲರು ಎದ್ದು ನಿಂತು ಒಂದು ಮಾತೂ ಕೇಳಲಿಲ್ಲ ಅಂತ."

ಅತ್ತೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರು ಅಳಲಿಲ್ಲ. ಮಗ್ಗದ ಕುಳಿಯ ಅಂಚಿನಲ್ಲಿದ್ದ ಹಿಡಿ ನೂಲನ್ನು ಕೈಗೆ ಸುತ್ತಿಕೊಂಡು ಎಳೆಯುತ್ತಲೇ ಇದ್ದರು. "ಆ ಪಾವಿ ಕಾಲಿಗೆ ನಾನು ಬಿದ್ದಿವ್ನಿ," ಅಂದರು.

ಪಾವಿ ಎಂದರೆ ಪಾಪಿ. ಅತ್ತೆ ಹೇಳಿದ್ದು ವರ್ಕ್‌ಶಾಪಿನ ಯಜಮಾನನನ್ನು. ಕೊಯಮತ್ತೂರಿನ ಗಣಪತಿ ಎಂಬ ಬಡಾವಣೆಯಲ್ಲಿ ಅವನಿಗೆ ಪಂಪು ತಯಾರಿಸುವ ವರ್ಕ್‌ಶಾಪಿತ್ತು. ಕೆಲಸದವರೆಲ್ಲ ಅವನನ್ನು ಮೊದಲಾಳಿ ಎನ್ನುತ್ತಿದ್ದರು. ನನ್ನ ಗಂಡ ನೇಯ್ಗೆ ಬಿಟ್ಟು ಅಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದ. ಮೇಸ್ತ್ರಿ ಸತ್ತ ದಿನ ಬೆಳಿಗ್ಗೆ ಯಂತ್ರಕ್ಕೆ ತಡೆಗಂಬಿ ಹಾಕಿಸಿಲ್ಲವೆಂದು ಮೇಸ್ತ್ರಿಯ ಜೊತೆ ನನ್ನ ಗಂಡ ಜಗಳವಾಡಿದ್ದು ನಿಜ. ಅದನ್ನು ಎಲ್ಲರೂ ಕೇಳಿದ್ದರು. ಸಂಜೆ ಕತ್ತಲಾಗಿ ಕರೆಂಟು ಹೋದಾಗ ನನ್ನ ಗಂಡ ಕೈ ತೊಳೆಯಲು ಹಿಂದಿನ ನಲ್ಲಿಗೆ ಹೋದ. ಎರಕದ ಶೆಡ್ಡಿನ ಒಳಗಿಂದ ಮೊದಲಾಳಿಯ ತಮ್ಮ ಮೇಸ್ತ್ರಿಯನ್ನು ಬೈಯುವ ದನಿ ಕೇಳಿಸಿತು. ಆಮೇಲೆ ಏನೋ ಬಿದ್ದ ಸದ್ದು. ಕರೆಂಟು ಬಂದಾಗ ಮೇಸ್ತ್ರಿ ಸತ್ತಿದ್ದ. ಪೊಲೀಸರು ಬಂದು ನನ್ನ ಗಂಡನನ್ನು ಕರೆದೊಯ್ದರು.

ಮರುದಿನವೇ ಮೊದಲಾಳಿ ಕಾರಿನಲ್ಲಿ ನಮ್ಮ ಬೀದಿಗೆ ಬಂದ. "ನಿಮ್ಮ ಮಗ ನನ್ನ ಮಗನಿದ್ದಂಗೆ. ವಕೀಲರನ್ನ ನಾನು ಇಡ್ತೀನಿ. ನೀವು ಹೆಂಗಸರು ಕೋರ್ಟಿಗೆ ಬರಬೇಡಿ, ಬಂದ್ರೆ ಕೇಸು ಕೆಡುತ್ತೆ," ಎಂದು ತಮಿಳಿನಲ್ಲಿ ಹೇಳಿದ. ಅತ್ತೆ ಅವನ ಕಾಲು ಮುಟ್ಟಿದರು. ಆ ವಕೀಲ ನನ್ನ ಗಂಡನಿಂದ ಶೆಡ್ಡಿನ ದನಿಯ ವಿಷಯವನ್ನೆಲ್ಲ ಕೇಳಿಕೊಂಡ. "ಅದನ್ನ ಎಲ್ಲೂ ಬಾಯಿ ಬಿಡಬೇಡ, ನಾನು ನೋಡ್ಕೋತೀನಿ," ಎಂದ. ವಿಚಾರಣೆ ಮುಗಿಯುವವರೆಗೂ ನೋಡಿಕೊಂಡೇ ಇದ್ದ. ತೀರ್ಪಿನ ದಿನ ಮಾತ್ರ ನಾನು ಕೋರ್ಟಿಗೆ ಹೋಗಿದ್ದೆ. ಸತ್ತ ಮೇಸ್ತ್ರಿಯ ಹೆಂಡತಿ ನನ್ನ ಮುಖಕ್ಕೆ ಉಗಿದಳು. ಮೊದಲಾಳಿ ನನ್ನನ್ನು ಸಮಾಧಾನ ಮಾಡಿದ.

ಟೀಚರಮ್ಮ ಕಾಗದಗಳನ್ನು ಒಟ್ಟು ಮಾಡಿ ನೂಲಿನಿಂದ ಕಟ್ಟಿ ಗಂಟು ಹಾಕಿದರು. ನಾನು ಆ ಹೊತ್ತಿನಲ್ಲಿ ನನ್ನ ಗಂಡನನ್ನು ನೆನೆಯಲಿಲ್ಲ. ಮೊದಲಾಳಿಯ ಮುಖವನ್ನೇ ನೆನೆದೆ. ಅವನ ತಮ್ಮ ಕಟಕಟೆಯಲ್ಲಿ ನಿಂತಿರಬೇಕು, ಆ ವಕೀಲನ ಕರಿಕೋಟು ಬೀದಿಪಾಲಾಗಬೇಕು, ಅದನ್ನು ನಾನು ಮುಂದೆ ನಿಂತು ನೋಡಬೇಕು. ನನಗೆ ಬೇಕಾದದ್ದು ಅದನ್ನು ಮಾಡಿಸುವ ವಕೀಲ.

ಹೈಕೋರ್ಟಿಗೆ ಅಪೀಲು ಹಾಕಲು ಎರಡು ತಿಂಗಳ ಗಡುವಿದೆ, ನಕಲು ಪಡೆಯಲು ಹಿಡಿದ ದಿನಗಳನ್ನು ಅದರಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ನಕಲು ವಿಭಾಗದ ಗುಮಾಸ್ತ ಹೇಳಿದ್ದ. ಅಷ್ಟು ಮಾತ್ರ ನನಗೆ ಗೊತ್ತಿದ್ದ ಕಾನೂನು.

ಕೊಯಮತ್ತೂರಿನ ಕೋರ್ಟಿನ ಗೇಟಿನಲ್ಲಿ ದಲ್ಲಾಳಿಗಳು ಮುತ್ತಿಕೊಳ್ಳುತ್ತಾರೆ. ಅಳುವ ಹೆಂಗಸನ್ನು ಅವರು ದೂರದಿಂದಲೇ ಗುರುತಿಸುತ್ತಾರೆ. ಹಾಗಾಗಿ ನಾನು ಅಳದೆ ಹೋದೆ. ಆದರೂ ಒಬ್ಬ ಹಿಂದೆ ಬಿದ್ದು ತನ್ನ ವಕೀಲನ ಬಳಿಗೆ ಕರೆದೊಯ್ದ. ಆ ವಕೀಲ ಮದ್ರಾಸಿನಲ್ಲಿ ತನಗೆ ಎಲ್ಲರೂ ಗೊತ್ತು, ಇಂತಿಂಥ ಬೆಂಚಿಗೆ ಕೇಸು ಬರುವಂತೆ ಮಾಡುತ್ತೇನೆ ಎಂದ. ನನ್ನ ಗಂಡನ ಹೆಸರನ್ನು ಎರಡು ಸಲ ತಪ್ಪಾಗಿ ಹೇಳಿದ. ನಾನು ಎದ್ದು ಬಂದೆ.

ಎರಡನೆಯವನು ನನಗೆ ಹಿಡಿಸಿಬಿಟ್ಟ. ಅವನ ಕಚೇರಿ ಕೋರ್ಟಿಗೆ ಎದುರಾಗಿ ಮಹಡಿಯ ಮೇಲಿತ್ತು. ನಾನು ಕಥೆ ಮುಗಿಸುವ ಮೊದಲೇ ಅವನು ಮೇಜು ಗುದ್ದಿದ. "ಕೊಂದೋನು ಮೊದಲಾಳಿ ತಮ್ಮ. ಮುಚ್ಚಿ ಹಾಕಿದೋನು ಮೊದಲಾಳಿ. ಮಾರಿಕೊಂಡೋನು ವಕೀಲ. ಮೂವರನ್ನೂ ಹೈಕೋರ್ಟಿನ ಮುಂದೆ ಬೆತ್ತಲೆ ನಿಲ್ಲಿಸ್ತೀನಿ. ಕೈಗೆ ಕೋಳ ಹಾಕಿಸಿ ಗಣಪತಿ ಮೇನ್ ರೋಡಿನಲ್ಲಿ ನಡೆಸ್ತೀನಮ್ಮಾ, ನೀನು ನೋಡ್ತಿರು." ನಾನು ಕೇಳಬೇಕೆಂದಿದ್ದ ಒಂದೊಂದು ಮಾತೂ ಅವನ ಬಾಯಿಂದ ಬಂತು. ಕಾಗದದ ಕಟ್ಟನ್ನು ಅವನ ಮೇಜಿನ ಮೇಲಿಟ್ಟು ಕೈಮುಗಿದು ಬಂದೆ. ಅತ್ತೆ ಆ ದಿನ ಹೊಟ್ಟೆ ತುಂಬ ಉಂಡರು. ನಾನೂ ಉಂಡೆ.

ಜೈಲಿನ ಭೇಟಿಯ ದಿನ ಆ ಸುದ್ದಿಯನ್ನು ಗಂಡನಿಗೆ ಹೇಳಿದೆ. ಎರಡು ಸಾಲು ಜಾಲರಿ, ನಡುವೆ ಓಡಾಡುವ ಪೇದೆ. ಆ ಕಡೆ ಒಂದು ಗುಂಪು, ಈ ಕಡೆ ಒಂದು ಗುಂಪು, ಎಲ್ಲರೂ ಒಟ್ಟಿಗೆ ಕೂಗುತ್ತಿದ್ದರು. ನನ್ನ ಗಂಡ ಕೂಗುವವನಲ್ಲ. ಅವನ ಮಾತು ಕೇಳಿಸಿಕೊಳ್ಳಲು ನಾನು ಜಾಲರಿಗೆ ಕಿವಿ ಒತ್ತಬೇಕಾಯಿತು.

"ಜೈಲಿಂದ್ಲೇ ಅಪ್ಪೀಲು ಆಕ್ತಾರಂತೆ. ಗೌರ್ಮೆಂಟು ವಕೀಲು ಕೊಡುತ್ತಂತೆ. ನೀ ಅಲೀಬೇಡ. ಅವ್ವನ ನೋಡ್ಕೊ. ಆಗ್ದಿದ್ರೆ ಊರ್ಗೆ ಓಗ್ಬುಡು."

"ಯಾವೂರಿಗೆ?"

"ನಿಮ್ಮೂರಿಗೆ."

"ಇನ್ನೊಂದು ಸಲ ಆ ಮಾತಾಡಿದ್ರೆ ನಾನು ಇಲ್ಲಿಗೆ ಬರಾದೇ ಇಲ್ಲ," ಎಂದು ಕೂಗಿದೆ. ಪೇದೆ ತಿರುಗಿ ನೋಡಿದ. "ಅವರು ಆರಾಮಾಗಿ ಮಲಗ್ತಾವ್ರೆ. ನೀನು ನನ್ನ ಊರಿಗೆ ಕಳಿಸ್ತೀಯ?"

ಅವನು ತಲೆ ತಗ್ಗಿಸಿದ. ಅವನ ಮೇಲೂ ನನಗೆ ಸಿಟ್ಟು ಬಂದಿತ್ತು. ಇಷ್ಟಾದರೂ ಸಿಟ್ಟು ಬಾರದ ಗಂಡಸನ್ನು ಏನು ಮಾಡುವುದು?

ಜೈಲಿನ ಗೇಟಿನ ಸಾಲಿನಲ್ಲಿ ಪೊಳ್ಳಾಚಿಯ ಕಡೆಯ ಒಬ್ಬ ಮುದುಕಿ ಯಾವಾಗಲೂ ನನ್ನ ಮುಂದೆಯೋ ಹಿಂದೆಯೋ ಇರುತ್ತಿದ್ದಳು. ಅವಳ ಗಂಡನಿಗೂ ಜೀವಾವಧಿ. ನನ್ನ ಹೊಸ ವಕೀಲನನ್ನು ನಾನು ಅವಳ ಮುಂದೆ ಹೊಗಳಿದೆ.

"ಗೆಲ್ಲಿಸ್ತೀನಿ ಅಂದ್ನಾ?" ಎಂದು ತಮಿಳಿನಲ್ಲಿ ಕೇಳಿದಳು.

"ಖಂಡಿತ ಅಂದ್ರು."

"ಎಲ್ಲರೂ ಅಂತಾರೆ. ನಿನ್ನ ಕಾಗದ ಓದಿದ್ನಾ?"

ಅದನ್ನು ನಾನು ಕೇಳಿಯೇ ಇರಲಿಲ್ಲ. ಅವಳು ಎಲೆ ಅಡಿಕೆ ಉಗಿದು ಹತ್ತಿರ ಬಂದಳು. "ಗೆದ್ದ ಹೆಂಗಸರ ಹತ್ರ ಕೇಳಬೇಡ, ಗೆದ್ದವರು ಎಲ್ಲರನ್ನೂ ಹೊಗಳ್ತಾರೆ. ಇಲ್ಲಿ ಸಾಲಲ್ಲಿ ನಿಂತಿದ್ದಾರಲ್ಲ, ಸೋತವರು, ಅವರ ಹತ್ರ ಕೇಳು. ಸೋತ ಮೇಲೂ ಯಾವ ವಕೀಲನಿಗೆ ಇವರು ಶಾಪ ಹಾಕಲ್ಲ ಅಂತ ಕೇಳು."

ಆಮೇಲಿನ ಭೇಟಿಗಳಲ್ಲಿ ನಾನು ಅದನ್ನೇ ಮಾಡಿದೆ. ನನ್ನ ಸರದಿ ಬಂದು ಹೋದ ಮೇಲೂ ಗೇಟಿನಲ್ಲಿ ನಿಂತು ಒಬ್ಬೊಬ್ಬಳನ್ನೂ ಮಾತಾಡಿಸಿದೆ. ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಹೊಲಿಯುವವಳು, ಅವಿನಾಶಿಯ ಹಾಲಿನವಳು, ಮಗನಿಗಾಗಿ ಬರುವ ಒಬ್ಬ ಪೋಸ್ಟ್‌ಮನ್ನನ ಹೆಂಡತಿ. ಶಾಪಗಳನ್ನು ಬೇಕಾದಷ್ಟು ಕೇಳಿದೆ. ಫೋನಿಗೆ ಸಿಗದ ವಕೀಲರು, ಅಪೀಲು ವಜಾ ಆಗಿ ವರ್ಷವಾದರೂ ತಿಳಿಸದ ವಕೀಲರು, ಕಾಗದ ಕಳೆದುಹಾಕಿದವರು. ಶಾಪವಿಲ್ಲದ ಹೆಸರು ಒಂದೇ. ಪೊಳ್ಳಾಚಿಯ ಮುದುಕಿಯದೂ, ಹಾಲಿನವಳದೂ ಅದೇ ವಕೀಲರು. ಇಬ್ಬರ ಗಂಡಂದಿರೂ ಸೋತಿದ್ದರು.

"ಸೋಲುತ್ತೆ ಅಂತ ಮೊದಲೇ ಹೇಳಿದ್ರು," ಅಂದಳು ಮುದುಕಿ. "ಆದರೂ ಹಾಕಿ ಅಂದೆ. ಸೋತ ದಿನ ಮದ್ರಾಸಿಂದ ನೆಟ್ಟಗೆ ನಮ್ಮ ಮನೆಗೆ ಬಂದ್ರು. ಜಡ್ಜ್ ಏನು ಕೇಳಿದ್ರು, ತಾವು ಏನು ಹೇಳಿದ್ರು, ಎಲ್ಲ ಹೇಳಿದ್ರು. ನಾನು ಅವರಿಗೆ ಅನ್ನ ಇಟ್ಟೆ."

ಆ ವಕೀಲರ ಮನೆ ಉಡುಮಲೈಪೇಟೆಯಲ್ಲಿ. ಮದ್ರಾಸಿನಲ್ಲಿ ಬಹಳ ವರ್ಷ ಅಪೀಲುಗಳನ್ನೇ ನಡೆಸಿ, ಕಾಲು ಊದುವ ಕಾಯಿಲೆಯಾಗಿ ಊರಿಗೆ ಮರಳಿದ್ದರು. ಆಯ್ದ ಕೇಸುಗಳಿಗೆ ಮಾತ್ರ ರೈಲು ಹತ್ತುತ್ತಿದ್ದರು.

ನಾನು ಮೊದಲು ಕೋರ್ಟಿನೆದುರಿನ ಮಹಡಿಗೆ ಹೋದೆ. ಮೇಜು ಗುದ್ದಿದ ವಕೀಲ ನಗುತ್ತ ಬರಮಾಡಿಕೊಂಡ. ನನ್ನ ಕಾಗದದ ಕಟ್ಟು ಕಿಟಕಿಯ ಬಳಿ ಇತ್ತು. ಟೀಚರಮ್ಮ ಹಾಕಿದ್ದ ನೂಲಿನ ಗಂಟು ಹಾಗೇ ಇತ್ತು.

"ಓದಿದ್ರಾ ಸಾರ್?"

"ಓದೋದೇನಿದೆಯಮ್ಮಾ, ಊರಿಗೇ ಗೊತ್ತಿರೋ ಕಥೆ."

ಕಟ್ಟನ್ನು ಎತ್ತಿಕೊಂಡೆ. "ನೀನೇ ವಾಪಸ್ ಬರ್ತೀಯ," ಎಂದ. ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದೆ. ನನ್ನ ಸೇಡನ್ನು ನನಗಿಂತ ಚೆನ್ನಾಗಿ ಹೇಳಿದವನನ್ನು ಬಿಟ್ಟು ಬರುತ್ತಿದ್ದೆ.

ಉಡುಮಲೈಯ ವಕೀಲರ ಮನೆಯ ಮುಂದೆ ಸುಲಿದ ತೆಂಗಿನಕಾಯಿಯ ರಾಶಿ ಇತ್ತು. ಅವರು ಹಲಗೆಯ ಮೇಲೆ ಕಾಲು ಚಾಚಿ ಕೂತಿದ್ದರು. ನಾನು ತಮಿಳಿನಲ್ಲಿ ಶುರುಮಾಡಿ ಅಡಿಗಡಿಗೆ ತಡವರಿಸಿದಾಗ ಅವರ ಮುಖ ಅರಳಿತು.

"ಕನ್ನಡದೋಳಾ? ಮಾತು ಮೈಸೂರ್ ಕಡೆದು ಇದ್ದಂಗೈತೆ. ಇಂಗೇ ಪೇಸು, ಮಾತಾಡು, ನಮ್ಮನೇಲೂ ಇದೇ ಮಾತು. ಪಾತಿ ತಮಿಳು, ಅರ್ಧಕ್ಕರ್ಧ ಬೆರ್ತಿರುತ್ತೆ, ಅಷ್ಟೇ. ಓದಾಕೆ ಮಾತ್ರ ನಂಗೆ ಕನ್ನಡ ಬರಲ್ಲ."

ಅವರ ಹಿರಿಯರು ಯಾವ ಕಾಲದಲ್ಲೋ ಕನ್ನಡ ಸೀಮೆಯಿಂದ ಬಂದು ಅಲ್ಲಿ ಹೊಲ ಮಾಡಿದವರು. ನನ್ನ ಕಥೆಯನ್ನು ಅವರು ಕೇಳಲಿಲ್ಲ. "ಮೊದ್ಲು ಈ ಕಾಗದ ಏಳಲಿ, ಆಮ್ಯಾಕೆ ನೀ ಏಳು," ಎಂದು ಕಟ್ಟು ಬಿಚ್ಚಿದರು. ಹೇಳು ಎನ್ನುವುದು ಅವರ ಬಾಯಲ್ಲಿ ಏಳು. ಅವರ ಹೆಂಡತಿ ನನ್ನನ್ನು ಒಳಗೆ ಕರೆದು ಕಡಲೆಕಾಯಿ ಬಿಡಿಸುವ ಮೊರದ ಮುಂದೆ ಕೂರಿಸಿದರು. ಊಟದ ಹೊತ್ತಿಗೂ ವಕೀಲರು ಏಳಲಿಲ್ಲ. ಆಗಾಗ ಒಳಗೆ ಕೇಳುವಂತೆ ಪ್ರಶ್ನೆ ಹಾಕುತ್ತಿದ್ದರು. ಶೆಡ್ಡಿಗೆ ಕಿಟಕಿ ಇದೆಯೇ? ದೂರು ಬರೆಸಿದವನು ಯಾರು? ಮ್ಯಾಜಿಸ್ಟ್ರೇಟರ ಮನೆ ಪೊಲೀಸ್ ಠಾಣೆಗೆ ಎಷ್ಟು ಹತ್ತಿರ?

ಬಿಸಿಲು ಇಳಿದ ಮೇಲೆ ನನ್ನನ್ನು ಕರೆದರು.

"ಈಗ ಏಳು. ನಿಂಗೇನ್ ಬೇಕು?"

"ಆ ಮೊದಲಾಳಿ ತಮ್ಮ ಕಟಕಟೇಲಿ ನಿಲ್ಲಬೇಕು. ಆ ವಕೀಲ ದುಡ್ಡು ತಿಂದ ಅಂತ ಕೋರ್ಟಲ್ಲಿ ನೀವು ಹೇಳಬೇಕು. ಎಲ್ಲರ ಮುಂದೆ."

"ಗಂಡ?"

ಅವನ ಮಾತನ್ನು ನಾನು ಎತ್ತಿಯೇ ಇರಲಿಲ್ಲ.

"ಕೇಳಮ್ಮಾ. ಆ ವಕೀಲ ಮಾಡಿದ್ದು ಮೋಸ. ನಂಗೆ ಓದಿದ ಕೂಡ್ಲೇ ತಿಳೀತು. ಅದನ್ನ ನಾನು ಹೈಕೋರ್ಟಲ್ಲಿ ಏಳ್ತೀನಿ ಅನ್ನು. ಜಡ್ಜ್ ನಂಬಿದ್ರೆ ಏನ್ ಮಾಡ್ತಾರೆ? ಹಾಗಾದ್ರೆ ಕೇಸು ಮತ್ತೆ ನಡೀಲಿ ಅಂತ ಕೆಳಕ್ಕೆ ಕಳುಸ್ತಾರೆ. ಅದೇ ಸಾಕ್ಷಿ, ಅದೇ ಪೊಲೀಸು. ಈಗ ಈ ಕಾಗದದಾಗೆ ಓಟೆಗಳು, ತೂತುಗಳು ಅವೆ. ದೂರು ಅದೇ ರಾತ್ರಿ ಬರ್ದೆ ಅಂತಾರೆ, ಮ್ಯಾಜಿಸ್ಟ್ರೇಟ್ ಕೈಗೆ ಓಗಿರೋದು ಮಾರ್ನೆ ದಿನ ಸಾಯಂಕಾಲ. ಗೋಡೆ ಪಕ್ಕದ ಮನೆಗೆ ಓಗಾಕೆ ಅಷ್ಟೊತ್ತಾ? ಕರೆಂಟು ಇರಲಿಲ್ಲ ಅಂತ ಅವರೇ ಒಪ್ಪವ್ರೆ. ಕತ್ಲಲ್ಲಿ ಮುಖ ಎಂಗೆ ಕಂಡ್ರು, ಅದಕ್ಕೆ ಉತ್ತರ ಇಲ್ಲ. ಮತ್ತೆ ವಿಚಾರಣೆ ಅಂದ್ರೆ ಆ ಓಟೆನೆಲ್ಲ ಅವ್ರು ಮುಚ್ಕೊಂಡು ಬತ್ತಾರೆ. ಲಾಂದ್ರ ಇತ್ತು ಅಂತಾರೆ. ನಿನ್ ಗಂಡ ಅಷ್ಟೂ ವರ್ಷ ಒಳಗೇ."

"ಹೇಳದಿದ್ರೆ?"

"ಏಳ್ದಿದ್ರೆ, ಬರೀ ಈ ಕಾಗದದ ಮೇಲೆ ವಾದ ಮಾಡಿದ್ರೆ, ಬುಡ್ತಾರೆ ಅಂತ ನಂಗೆ ನಂಬಿಕೆ. ಗ್ಯಾರಂಟಿ ಅಲ್ಲ. ಆದ್ರೆ ವಕೀಲನ ಮೋಸ ಯಾವ ತೀರ್ಪಲ್ಲೂ ಬರಲ್ಲ. ಮೊದಲಾಳಿ ತಮ್ಮನ ಎಸ್ರು ನಾನು ಬಾಯಲ್ಲೂ ಎತ್ತಲ್ಲ. ಕೊಂದೋನು ಯಾರು ಅಂತ ತೋರ್ಸೋದು ಅಪ್ಪೀಲಿನ ಕೆಲ್ಸ ಅಲ್ಲ."

"ಅವರು ಹಂಗೇ ತಿರುಗಾಡಿಕೊಂಡು ಇರ್ತಾರಾ?"

"ಇರ್ತಾರೆ. ಗಂಡನ್ನ ಈಚೆ ತರೋದಾ, ಶತ್ರುನ ಒಳಗೆ ಕಳುಸೋದಾ, ಎರಡೂ ಒಂದೇ ಅಪ್ಪೀಲ್ನಲ್ಲಿ ಇಡಿಸಲ್ಲ. ಓಗಿ ಯೋಚ್ನೆ ಮಾಡು. ಇನ್ನೊಂದು, ಪೊಲೀಸ್ರ ಮುಂದೆ ಸಾಕ್ಷಿಗಳು ಮೊದ್ಲು ಕೊಟ್ಟ ಏಳಿಕೆ ನಕಲು, ಶೆಡ್ಡಿನ ನಕ್ಷೆ, ಎರಡೂ ಇದ್ರಲ್ಲಿಲ್ಲ. ಅದು ಆ ವಕೀಲನ ಕಟ್ಟಲ್ಲಿರುತ್ತೆ. ಕೋರ್ಟಿಂದ ತರ್ಸೋಕೆ ಟೈಮಿಲ್ಲ. ಅವ್ನ ಹತ್ರಾನೇ ಕೇಳಿ ತರ್ಬೇಕು."

ಬಸ್ಸಿನಲ್ಲಿ ಕೂತು ಆ ಮನುಷ್ಯನನ್ನು ದ್ವೇಷಿಸಿದೆ. ಗೆಲ್ಲುವ ದಾರಿ ತೋರಿಸಿದವರ ಮೇಲೆ ಅಷ್ಟು ಸಿಟ್ಟು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಅತ್ತೆಗೆ ಎಲ್ಲ ಹೇಳಿದೆ. ಅತ್ತೆ, "ಮಗ ಬರ್ಲಿ," ಎಂದರು. ಎರಡು ಎಳೆ ನೇಯ್ದು, "ಅವ್ರು ಅಳಿದೋಗ್ಲಿ," ಎಂದರು. ಯಾವುದು ಮೊದಲು ಎಂದು ಅವರೂ ಹೇಳಲಿಲ್ಲ.

ಭೇಟಿಯ ದಿನ ಗಂಡನನ್ನು ಕೇಳಿದೆ. ಮತ್ತೆ ವಿಚಾರಣೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವನು ಜಾಲರಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಅವನ ಮಣಿಕಟ್ಟು ನನ್ನದಕ್ಕಿಂತ ಸಣ್ಣದಾಗಿತ್ತು. ಲೇತಿನ ಹಿಡಿ ತಿರುಗಿಸುತ್ತಿದ್ದ ಕೈ ಅದು.

"ಮೊದ್ಲಿಂದಾನಾ?" ಅಂದ. "ನಾ ಉಳಿಯಲ್ಲ ಕಣೆ."

ಅವನು ಅದನ್ನು ದೂರಿನಂತೆ ಹೇಳಲಿಲ್ಲ. ಸಂತೆಯಲ್ಲಿ ಇಂಥದ್ದು ಸಿಗಲಿಲ್ಲ ಎನ್ನುವಂತೆ ಹೇಳಿದ. ಅಲ್ಲೇ ತೀರ್ಮಾನವಾಯಿತು. ಸೇಡನ್ನು ಬಿಟ್ಟೆ ಎಂದು ನಾನು ಯಾರಿಗೂ ಹೇಳಲಿಲ್ಲ, ನನಗೂ ಹೇಳಿಕೊಳ್ಳಲಿಲ್ಲ. ಬಾಯಿ ಮುಚ್ಚಿಕೊಂಡಿರಲು ಒಪ್ಪಿದೆ, ಅಷ್ಟೇ.

ಉಡುಮಲೈಯ ವಕೀಲರು ವಕಾಲತ್ತು ಬರೆದುಕೊಟ್ಟರು. ಅದಕ್ಕೆ ಜೈಲಿನಲ್ಲಿ ನನ್ನ ಗಂಡ ಸಹಿ ಹಾಕಬೇಕು, ಆ ಸಹಿ ಅವನದೇ ಎಂದು ಜೈಲಿನ ಅಧಿಕಾರಿ ಮುದ್ರೆ ಒತ್ತಬೇಕು. ಮೊದಲ ಸಲ ಅಧಿಕಾರಿ ರಜೆಯಲ್ಲಿದ್ದರು. ಎರಡನೆಯ ಸಲ, ಜೈಲಿನಿಂದಲೇ ಅಪೀಲು ಹೋಗುತ್ತಿರುವಾಗ ಇದು ಯಾಕೆ ಎಂದು ಗುಮಾಸ್ತ ಕಾಗದ ಹಿಂದಕ್ಕೆ ತಳ್ಳಿದ. ನನ್ನ ಗಂಡ ಜೈಲಿನ ಅಪೀಲು ಬೇಡವೆಂದು ಬರೆದುಕೊಟ್ಟ ಮೇಲೆ ಮುದ್ರೆ ಬಿತ್ತು. ಗಡುವು ಹತ್ತಿರ ಬಂದಿತ್ತು.

ಉಳಿದದ್ದು ಆ ಕಟ್ಟು. ಒಂದು ಬೆಳಿಗ್ಗೆ ತಲೆಗೆ ಎಣ್ಣೆ ಹಾಕದೆ, ಹಳೆಯ ಸೀರೆ ಉಟ್ಟು, ಮೊದಲಾಳಿ ಇಟ್ಟಿದ್ದ ವಕೀಲನ ಮನೆಗೆ ಹೋದೆ. ಅವನು ಊಟ ಮುಗಿಸಿ ಕೈ ಒರೆಸುತ್ತ ಹೊರಗೆ ಬಂದ. ಆ ಕೈಯನ್ನೇ ನೋಡಿದೆ. ಕೋರ್ಟಿನಲ್ಲಿ ಮೇಲೆತ್ತದೆ ಮಡಿಲಲ್ಲಿಟ್ಟುಕೊಂಡಿದ್ದ ಕೈ.

"ಅಯ್ಯಾ," ಅಂದೆ. "ನಮ್ಮ ಕರ್ಮ. ನಿಮ್ಮ ತಪ್ಪೇನಿದೆ, ನೀವು ಎಷ್ಟು ಕಷ್ಟಪಟ್ರಿ."

ಅವನ ಭುಜ ಸಡಿಲವಾದದ್ದು ನನಗೆ ಕಾಣಿಸಿತು. "ಅಪೀಲಿಗೆ ಯಾರನ್ನ ಇಟ್ಟಿದ್ದೀಯಮ್ಮಾ?"

"ನಮಗೆ ಯಾರು ಗತಿ ಅಯ್ಯಾ? ಜೈಲಿನೋರೇ ಹಾಕ್ತಾರಂತೆ. ಅವರು ಹಳೇ ಕಾಗದ ಎಲ್ಲ ತಾ ಅಂದ್ರು."

"ಅದೇ ಒಳ್ಳೇದು. ಸುಮ್ಮನೆ ಯಾಕೆ ಖರ್ಚು?" ಎಂದು ಒಳಗೆ ಹೋಗಿ ಕಟ್ಟು ತಂದುಕೊಟ್ಟ. ಕೊಡುವಾಗ, "ದೇವರಿದ್ದಾನೆ," ಅಂದ.

"ಇದ್ದಾನೆ ಅಯ್ಯಾ," ಅಂದೆ. ಬೀದಿ ತಿರುಗುವವರೆಗೂ ಬೆನ್ನು ಬಗ್ಗಿಸಿಕೊಂಡೇ ನಡೆದೆ. ತಿರುಗಿದ ಮೇಲೆ ನೆಟ್ಟಗಾಗಿ ಉಡುಮಲೈಯ ಬಸ್ಸು ಹತ್ತಿದೆ.

ಅಪೀಲು ಗಡುವಿನೊಳಗೆ ದಾಖಲಾಯಿತು. ಜಾಮೀನಿನ ಅರ್ಜಿ ವಜಾ ಆಯಿತು. ಹಾಗಾಗುತ್ತದೆಂದು ವಕೀಲರು ಮೊದಲೇ ಹೇಳಿದ್ದರು, ಆದ ಕೂಡಲೇ ಕಾಗದ ಬರೆದರು. ಆಮೇಲೆ ಕಾಯುವುದು. ದಾಖಲೆಗಳೆಲ್ಲ ಅಚ್ಚಾಗಬೇಕು, ಸರದಿ ಬರಬೇಕು. ನಾನು ನೇಯ್ದೆ. ಅಷ್ಟು ಬಿಗಿಯಾಗಿ ಹೊಡೆಯಬೇಡ, ಸೀರೆ ದಪ್ಪ ಬರುತ್ತಿದೆ ಎಂದು ನೂಲು ಕೊಡುವವರು ಗೊಣಗಿದರು. ಮೊದಲಾಳಿ ಒಂದು ದೀಪಾವಳಿಗೆ ಸಿಹಿ ಕಳಿಸಿದ್ದ. ಅತ್ತೆ ಅದನ್ನು ಬೀದಿನಾಯಿಗಳಿಗೆ ಹಾಕಿದರು.

ಟೆಲಿಗ್ರಾಮ್ ಬಂದಾಗ ಅದನ್ನು ಓದಿದ್ದೂ ಟೀಚರಮ್ಮನೇ. ಬಿಡುಗಡೆ. ಆದೇಶ ಜೈಲಿಗೆ ತಲುಪಿ ನನ್ನ ಗಂಡ ಹೊರಗೆ ಬಂದಾಗ, ಅಷ್ಟಗಲದ ರಸ್ತೆಯನ್ನು ನೋಡಿ ದಾಟಲಾರದೆ ನಿಂತುಬಿಟ್ಟ. ನಾನು ಕೈ ಹಿಡಿದು ದಾಟಿಸಿದೆ.

ಕೆಲವು ದಿನಗಳ ಮೇಲೆ ವಕೀಲರು ಸೂಲೂರಿಗೆ ಬಂದು ಅತ್ತೆ ಬಡಿಸಿದ್ದನ್ನು ಉಂಡರು. ದೂರು ತಡವಾದದ್ದು, ಕತ್ತಲಲ್ಲಿ ಗುರುತು ಹಿಡಿದದ್ದು, ಎರಡನ್ನೂ ನ್ಯಾಯಾಧೀಶರು ನಂಬಲಿಲ್ಲ. ಸಂಶಯದ ಲಾಭ ಕೊಟ್ಟು ಬಿಟ್ಟಿದ್ದರು.

"ಸಂಶಯವಾ?" ಅಂದೆ. "ನನ್ನ ಗಂಡ ಮಾಡಿಲ್ಲ ಅಂತ ಬರೀಲಿಲ್ವಾ?"

"ಬಂದು ಊಟ ಮಾಡ್ತಾವ್ನಲ್ಲಮ್ಮಾ," ಅಂದರು.

ನನ್ನ ಗಂಡ ವರ್ಕ್‌ಶಾಪಿನ ಕಡೆ ತಲೆ ಹಾಕಲಿಲ್ಲ, ಮತ್ತೆ ಮಗ್ಗಕ್ಕೆ ಕೂತ. ಯಾರಾದರೂ ಆ ವಿಷಯ ತೆಗೆದರೆ ಎದ್ದು ಹೋಗುತ್ತಿದ್ದ. ನಾನು ಮಾತ್ರ ಕಾಯುತ್ತಿದ್ದೆ. ಏನನ್ನು ಎಂದು ನನಗೇ ಗೊತ್ತಿರಲಿಲ್ಲ.

ಬಂದವಳು ಸತ್ತ ಮೇಸ್ತ್ರಿಯ ಹೆಂಡತಿ. ಬಾಗಿಲಲ್ಲಿ ಅವಳನ್ನು ಕಂಡು ಅತ್ತೆ ಪೊರಕೆ ಎತ್ತಿಕೊಂಡರು. ಅವಳು ಕದಲಲಿಲ್ಲ.

"ಉಗಿಯೋಕೆ ಬಂದಿಲ್ಲ," ಎಂದು ತಮಿಳಿನಲ್ಲಿ ಹೇಳಿದಳು. "ನಿನ್ನ ಗಂಡ ಅಲ್ಲ ಅಂತ ದೊಡ್ಡ ಕೋರ್ಟು ಹೇಳಿದೆ. ಅವನಲ್ಲ ಅಂದ್ರೆ ಯಾರು? ಮೊದಲಾಳೀನ ಕೇಳಿದೆ. ಸುಮ್ಮನಿರು, ನಿನಗೆ ತಿಂಗಳಿಗಿಷ್ಟು ಅಂತ ಕೊಡ್ತೀನಿ ಅಂದ. ಯಾಕೆ ಕೊಡ್ತಾನೆ?"

ನಾನು ಗಂಡನ ಕಡೆ ನೋಡಿದೆ. ಅವನು ಲಾಳಿಯನ್ನು ಕೈಯಲ್ಲಿ ಹಿಡಿದು ಕುಳಿಯಲ್ಲೇ ಕೂತಿದ್ದ. ಅವನು ಎದ್ದು ಹೋಗಿದ್ದರೆ ನಾನೇ ಹೇಳಿಬಿಡುತ್ತಿದ್ದೆ. ಅವನು ಎದ್ದ. ಆದರೆ ಅವಳ ಎದುರಿಗೆ ಬಂದು ನೆಲದ ಮೇಲೆ ಕೂತ. ನಲ್ಲಿಯ ಬಳಿ ಕೇಳಿದ್ದನ್ನು ಮೊದಲಿಂದ ಕೊನೆಯವರೆಗೂ ಅವಳಿಗೆ ಹೇಳಿದ.

"ಇದನ್ನ ಕೋರ್ಟಲ್ಲಿ ಹೇಳ್ತೀಯಾ?"

"ಹೇಳ್ತೀನಿ," ಅಂದ. ಅವನ ಬಾಯಿಂದ ಅಷ್ಟು ಗಟ್ಟಿಯಾಗಿ ಬಂದ ಮಾತನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಮರುದಿನ ಅವಳನ್ನು ಉಡುಮಲೈಗೆ ಕರೆದೊಯ್ದೆ. ವಕೀಲರು ಆ ಕೇಸು ಹಿಡಿಯಲು ಒಪ್ಪಲಿಲ್ಲ. ಇದೇ ಸಾವಿನಲ್ಲಿ ಆರೋಪಿಯ ಪರ ನಿಂತವನು ಇನ್ನೊಂದು ಕಡೆ ನಿಲ್ಲಬಾರದು, ಅದು ಧರ್ಮವಲ್ಲ ಎಂದರು. ಕೊಯಮತ್ತೂರಿನ ತಮ್ಮ ಹಳೆಯ ಜೂನಿಯರ್ ಒಬ್ಬರಿಗೆ ಚೀಟಿ ಕೊಟ್ಟರು. ಮೇಸ್ತ್ರಿಯ ಹೆಂಡತಿ ಮ್ಯಾಜಿಸ್ಟ್ರೇಟರ ಮುಂದೆ ತಾನೇ ದೂರು ಹಾಕಿದಳು. ಅದು ವರ್ಷಗಟ್ಟಲೆ ತೆವಳಿತು. ಒಮ್ಮೆ ವಜಾ ಆಗಿ, ಮೇಲಿನ ಕೋರ್ಟಿಗೆ ಹೋಗಿ ಮತ್ತೆ ಜೀವ ಪಡೆಯಿತು. ಅಷ್ಟರಲ್ಲಿ ಕಾವಲುಗಾರನನ್ನು ಮೊದಲಾಳಿ ಕೆಲಸದಿಂದ ತೆಗೆದಿದ್ದ. ಅವನು ಬಂದು ತನ್ನ ಕೈಯಲ್ಲಿ ಸುಳ್ಳು ಹೇಳಿಸಿದ್ದು ಯಾರೆಂದು ಹೇಳಿದ. ಕೊನೆಗೆ ಸೆಷನ್ಸ್ ಕೋರ್ಟಿನಲ್ಲಿ ಮೊದಲಾಳಿಯ ತಮ್ಮನಿಗೆ ಶಿಕ್ಷೆಯಾಯಿತು. ಕೊಲೆಯೆಂದಲ್ಲ, ಅದಕ್ಕಿಂತ ಕಡಿಮೆಯದು, ನನ್ನ ಗಂಡನಿಗೆ ಕೊಟ್ಟದ್ದಕ್ಕಿಂತ ಬಹಳ ಚಿಕ್ಕ ಶಿಕ್ಷೆ. ಮೊದಲಾಳಿಗೆ ಏನೂ ಆಗಲಿಲ್ಲ.

ಆ ವಿಚಾರಣೆಯಲ್ಲಿ ಒಂದು ದಿನವಿದೆ, ಅದು ನನಗೆ ಸಾಕು.

ನನ್ನ ಗಂಡ ಸಾಕ್ಷಿಯ ಕಟ್ಟೆ ಹತ್ತಿ ನಲ್ಲಿಯ ಬಳಿ ಕೇಳಿದ್ದನ್ನು ಹೇಳಿ ಮುಗಿಸಿದ. ಪಾಟೀಸವಾಲಿಗೆ ಆರೋಪಿಯ ಕಡೆಯಿಂದ ಎದ್ದು ನಿಂತವನು ಅವನೇ, ಮೊದಲಾಳಿ ನಮಗೆ ಇಟ್ಟುಕೊಟ್ಟಿದ್ದ ವಕೀಲ. ಮೊದಲಾಳಿಗೆ ಬೇರೆ ಯಾರ ಮೇಲೂ ನಂಬಿಕೆ ಇರಲಿಲ್ಲವೋ ಏನೋ. ಅವನು ಗೌನು ಸರಿಪಡಿಸಿಕೊಂಡು, ಕೈ ಮೇಲೆತ್ತಿ, ನನ್ನ ಗಂಡನಿಗೆ ಮೊದಲ ಪ್ರಶ್ನೆ ಕೇಳಿದ. ದನಿ ಇಡೀ ಕೋಣೆಗೆ ಕೇಳಿಸಿತು. ಅವನಿಗೆ ಪ್ರಶ್ನೆ ಕೇಳಲು ಬರುತ್ತದೆಂದು ಅಂದು ಗೊತ್ತಾಯಿತು.

ಸರ್ಕಾರಿ ವಕೀಲರು ಎದ್ದು, ಹಳೆಯ ಕೇಸಿನ ವಕಾಲತ್ತಿನ ನಕಲನ್ನೂ ಸಾಕ್ಷಿಗಳ ಹೇಳಿಕೆಯನ್ನೂ ನ್ಯಾಯಾಧೀಶರ ಕೈಗೆ ಕೊಟ್ಟರು. ನ್ಯಾಯಾಧೀಶರು ನಿಧಾನವಾಗಿ ಓದಿದರು. ಪುಟ ತಿರುವಿ ಮತ್ತೆ ಓದಿದರು.

"ಈ ಸಾಕ್ಷಿ ಆರೋಪಿಯಾಗಿದ್ದಾಗ ಅವರ ವಕೀಲರು ನೀವೇ ಏನು?" ಎಂದು ತಮಿಳಿನಲ್ಲಿಯೇ ಕೇಳಿದರು, ಎಲ್ಲರಿಗೂ ತಿಳಿಯುವ ಹಾಗೆ.

"ಹೌದು, ಯುವರ್ ಆನರ್, ಆದರೆ..."

"ಕಾವಲುಗಾರನನ್ನು ಆಗ ನೀವು ಏನು ಕೇಳಿದಿರಿ?"

ಅವನು ಗೌನಿನ ಅಂಚು ಎಳೆದುಕೊಂಡ.

"ಎರಕದ ಕೆಲಸದವನನ್ನು?"

ಮೊದಲಾಳಿ ತನ್ನ ಶೂ ನೋಡಿಕೊಳ್ಳುತ್ತಿದ್ದ.

"ಇವರ ಗುಟ್ಟು ಕೇಳಿಕೊಂಡ ನೀವು ಈಗ ಇವರ ಎದುರಿಗೇ ನಿಂತಿದ್ದೀರಿ. ನನ್ನ ಕೋರ್ಟಿನಲ್ಲಿ ಇದು ನಡೆಯುವುದಿಲ್ಲ. ಹೊರಗೆ ಹೋಗಿ."

ಅವನು ಕಾಗದಗಳನ್ನು ಎತ್ತಿಕೊಳ್ಳುವಾಗ ಕೆಲವು ನೆಲಕ್ಕೆ ಬಿದ್ದವು. ಪಕ್ಕದ ವಕೀಲರು ಯಾರೂ ಬಗ್ಗಿ ಎತ್ತಿಕೊಡಲಿಲ್ಲ. ಬೆಂಚುಗಳ ನಡುವೆ ಅವನು ನಡೆದು ಬರುವಾಗ ನಾನು ಅವನ ಮುಖವನ್ನೇ ನೋಡುತ್ತಿದ್ದೆ. ನನ್ನ ಬಳಿ ಬಂದಾಗ ಅವನಿಗೆ ನನ್ನ ಗುರುತು ಹತ್ತಿತು.

ನಾನು ನಕ್ಕೆ. ಸಣ್ಣಗೆ ಅಲ್ಲ, ಹಿಂದಿನ ಗೋಡೆಯವರೆಗೂ ಕೇಳುವಂತೆ. ದಫೇದಾರ, "ಯಾರದು?" ಎಂದು ಗದರಿದ. ನಾನು ಎದ್ದು ನಿಂತು ಕೈ ಎತ್ತಿದೆ.